ಬರಡು ಬೆಟ್ಟಗಳ ಬಂಡೆಯಲ್ಲಿ ನಾಡಿನ ಚರಿತ್ರೆ ಓದಿದ ರೈಸ್

ಬೆಂಗಳೂರು: ಇಂದಿರಾನಗರದ ನೂರಡಿ ರಸ್ತೆಯಿಂದ ದೊಮ್ಮಲೂರಿನತ್ತ ಸಾಗುವವರಿಗೆ ಮೊದಲು ಕಾಣುವುದು ಮೇಲ್ಸೇತುವೆ ಮತ್ತು ಅದರ ಮೇಲೂ ಕೆಳಗೂ ಮುಗಿಯದ ವಾಹನಗಳ ಸಾಲು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಮನೆಗಳ ನಡುವೆ, ಚೊಕ್ಕನಾಥಸ್ವಾಮಿ ದೇವಾಲಯವಿದೆ. ದೇವಾಲಯದ ಕಲ್ಲುಗಳಲ್ಲಿ ಹೊಯ್ಸಳ ರಾಮನಾಥನ ಕಾಲದ ತಮಿಳು ಅಕ್ಷರಗಳಿವೆ. ಆ ಕಾಲದಲ್ಲಿ ಈ ಊರಿಗೆ ದೇಶಿಮಾಣಿಕ್ಕಪಟ್ಟಣ ಎಂಬ ಇನ್ನೊಂದು ಹೆಸರೂ ಇತ್ತೆಂಬುದು ನಮಗೆ ತಿಳಿದಿರುವುದು ಆ ಅಕ್ಷರಗಳಿಂದ. ಅವುಗಳನ್ನು ಗ್ರಂಥಕ್ಕೆ ಸೇರಿಸಿ ಲೋಕದ ಮುಂದಿಟ್ಟವರು ಇದೇ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಆಂಗ್ಲ ಅಧಿಕಾರಿ: ಬೆಂಜಮಿನ್ ಲೂಯಿ ರೈಸ್.

ಕನ್ನಡಿಗರು ಬಿ.ಎಲ್. ರೈಸ್ ಅವರನ್ನು ಶಾಸನ ಪಿತಾಮಹರೆಂದು ಗೌರವದಿಂದ ಸ್ಮರಿಸುತ್ತಾರೆ. ಹನ್ನೆರಡು ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕಾದ ಹೆಸರು ಕೇಳದ ಇತಿಹಾಸದ ವಿದ್ಯಾರ್ಥಿ ಇರಲಾರ. ಆದರೆ ಆ ಸಂಪುಟಗಳು ಗ್ರಂಥಾಲಯದ ಮೇಜಿನ ಮುಂದೆ ಕುಳಿತು ಸಿದ್ಧಪಡಿಸಿದವಲ್ಲ. ಅವು ನಾಡಿನ ಹಾಳು ಗುಡಿಗಳಲ್ಲಿ, ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ, ನೀರಿಲ್ಲದ ಬೋಳು ಬೆಟ್ಟಗಳ ನೆತ್ತಿಯಲ್ಲಿ ಹುಟ್ಟಿದವು. ರೈಸ್ ಅವರ ಬದುಕನ್ನು ಅರಿಯಬೇಕಾದರೆ ಬೆಂಗಳೂರಿನ ದಂಡಿನಷ್ಟೇ ಮೊಳಕಾಲ್ಮೂರಿನ ಬಂಡೆಗಳನ್ನೂ ನೋಡಬೇಕಾಗುತ್ತದೆ.

ಎರಡು ಊರುಗಳ ಬೆಂಗಳೂರು

ರೈಸ್ ಅವರು ಹುಟ್ಟಿದ್ದು 1837ರ ಜುಲೈ 17ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿ. ಕನ್ನಡ ಕಲಿತು, ಕನ್ನಡದಲ್ಲಿಯೇ ಬೋಧಿಸಿ, ಸುಮಾರು ಅರ್ಧ ಶತಮಾನ ಬೆಂಗಳೂರಿನಲ್ಲಿ ದುಡಿದವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ತಂದೆಯ ಹೆಸರಿನದೇ ಹೊರತು ಮಗನದಲ್ಲ. ಇಂದಿಗೂ ಅನೇಕರು ಈ ಎರಡು ಹೆಸರುಗಳನ್ನು ಬೆರೆಸಿಬಿಡುತ್ತಾರೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಅವರು ಈ ಕುಟುಂಬದವರೇ, ಶಾಸನತಜ್ಞ ರೈಸ್ ಅವರ ಸಹೋದರರು.

ರೈಸ್ ಹುಟ್ಟಿದ ವರ್ಷಕ್ಕೆ ಮತ್ತೊಂದು ಮಹತ್ವವಿದೆ. ಅದೇ 1837ರಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಅಶೋಕನ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದರು. ಶತಮಾನಗಳಿಂದ ಯಾರೂ ಓದಲಾಗದೆ ಉಳಿದಿದ್ದ ಕಂಬ ಮತ್ತು ಬಂಡೆಗಳ ಬರಹ ಅರ್ಥವಾಗತೊಡಗಿತು. ಆ ಲಿಪಿಯ ಅತಿ ದಕ್ಷಿಣದ ಕುರುಹನ್ನು 55 ವರ್ಷಗಳ ನಂತರ ಮೈಸೂರು ಸೀಮೆಯಲ್ಲಿ ಹುಡುಕಿಕೊಡಬೇಕಾದವರು ಆ ವರ್ಷ ಬೆಂಗಳೂರಿನಲ್ಲಿ ತೊಟ್ಟಿಲ ಕೂಸಾಗಿದ್ದರು.

ಅಂದಿನ ಬೆಂಗಳೂರು ಹೆಸರಿಗೆ ಒಂದು, ವಾಸ್ತವದಲ್ಲಿ ಎರಡು. ಪಶ್ಚಿಮದಲ್ಲಿ ಕೆಂಪೇಗೌಡರ ಪೇಟೆ. ಪೂರ್ವದಲ್ಲಿ ಹಲಸೂರು ಕೆರೆಯ ಆಸುಪಾಸಿನಲ್ಲಿ 1809ರಿಂದ ಬೆಳೆದು ಬಂದ ದಂಡು ಪ್ರದೇಶ. ಇಂದು ಶಿವಾಜಿನಗರವೆಂದು ಕರೆಯುವ ಬಡಾವಣೆಗೆ ಅಂದು ಬ್ಲ್ಯಾಕ್‌ಪಲ್ಲಿ ಎಂದು ಹೆಸರಿತ್ತು. ಪೇಟೆಯಲ್ಲಿ ಕನ್ನಡ, ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್. 1881ರಲ್ಲಿ ಮೈಸೂರಿನ ಆಡಳಿತ ಒಡೆಯರ ಮನೆತನಕ್ಕೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಹುಟ್ಟಿನಿಂದ ಆಂಗ್ಲರಾದ ರೈಸ್ ಅವರು ತಮ್ಮ ವೃತ್ತಿಜೀವನವನ್ನು ಕಳೆದದ್ದು ಈ ಗಡಿಯ ಇನ್ನೊಂದು ಬದಿಯಲ್ಲಿ, ಮೈಸೂರಿನ ಸೇವೆಯಲ್ಲಿ ಎಂಬುದು ಗಮನಾರ್ಹ.

ಶಾಲೆ ನೋಡಲು ಹೋದವರಿಗೆ ಕಲ್ಲು ಕಂಡಿತು

ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ರೈಸ್ 1860ರಲ್ಲಿ ತಾಯ್ನೆಲವಾದ ಬೆಂಗಳೂರಿಗೆ ಮರಳಿದರು. ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಹೆಸರಾದ ಸಂಸ್ಥೆ ಅದೇ. ಐದು ವರ್ಷಗಳ ನಂತರ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖಾಧಿಕಾರಿಯ ಹುದ್ದೆ ಬಂತು. 1868ರಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಹೋಬಳಿ ಶಾಲಾ ಯೋಜನೆ ರೂಪುಗೊಂಡದ್ದು ಅವರ ಕಾಲದಲ್ಲಿ. ಹಳ್ಳಿಯ ಮಕ್ಕಳಿಗೆ ತಾಯ್ನುಡಿಯಲ್ಲಿ ಓದು ಬರಹ ದೊರೆಯಲು ಈ ಯೋಜನೆ ದಾರಿ ಮಾಡಿತು. 1882ರಲ್ಲಿ ನೇಮಕಗೊಂಡ ಹಂಟರ್ ಶಿಕ್ಷಣ ಆಯೋಗಕ್ಕೆ ಅವರೇ ಕಾರ್ಯದರ್ಶಿಯಾಗಿದ್ದರು.

ಶಾಲೆಗಳ ತನಿಖೆಯೆಂದರೆ ಅಂದು ಕುದುರೆಯ ಬೆನ್ನೇರಿ ವಾರಗಟ್ಟಲೆ ಸುತ್ತುವ ಕೆಲಸ. ರೈಲು ಮಾರ್ಗ ಮುಟ್ಟದ ಊರುಗಳೇ ಹೆಚ್ಚು. ಹಾಗೆ ಸುತ್ತುವವರ ಕಣ್ಣಿಗೆ ಊರ ಮುಂದಿನ ವೀರಗಲ್ಲು, ಕೆರೆ ತೂಬಿನ ಬಳಿಯ ಬರಹ, ಗುಡಿಯ ಗೋಡೆಯ ಸಾಲುಗಳು ಬೀಳದೆ ಇರುವುದಿಲ್ಲ. ಅಷ್ಟರಲ್ಲಿ ಸರ್ಕಾರವೂ ಒಂದು ಹೆಜ್ಜೆ ಇಟ್ಟಿತ್ತು. ಕಮಿಷನರ್ ಲೆವಿನ್ ಬೌರಿಂಗ್ ಅವರ ಆಡಳಿತದಲ್ಲಿ ಸೇನಾಧಿಕಾರಿ ಡಿಕ್ಸನ್ ಅವರು ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಪಾಲಿಗೆ ಬಂತು. ಅದರ ಫಲವೇ 1879ರಲ್ಲಿ ಪ್ರಕಟವಾದ ಮೈಸೂರು ಶಾಸನಗಳ ಗ್ರಂಥ. ಅದಕ್ಕೂ ಮೊದಲೇ, 1877-78ರಲ್ಲಿ, ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಅವರ ಸಂಪಾದಕತ್ವದಲ್ಲಿ ಹೊರಬಂದಿತ್ತು.

ಛಾಯಾಚಿತ್ರವನ್ನು ನೋಡಿ ಓದುವುದಕ್ಕೂ ಕಲ್ಲಿನ ಎದುರಿಗೆ ನಿಂತು ಓದುವುದಕ್ಕೂ ಬಹಳ ವ್ಯತ್ಯಾಸ. ಸವೆದ ಅಕ್ಷರ ಚಿತ್ರದಲ್ಲಿ ಮೂಡುವುದಿಲ್ಲ. ಮಣ್ಣಿನೊಳಗೆ ಹೂತ ಕೊನೆಯ ಸಾಲು ಕಾಣುವುದಿಲ್ಲ. ಆದ್ದರಿಂದ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಅಕ್ಷರದ ಕುಳಿಗಳೊಳಗೆ ಕಾಗದ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಶಾಸನ ಶಾಸ್ತ್ರದ ಕ್ರಮ. ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕೇಳಲು ಸುಲಭ. ಕಲ್ಲು ಬೆಟ್ಟದ ನೆತ್ತಿಯಲ್ಲಿದ್ದರೆ ಕಾಗದ, ಮಸಿಯ ಜೊತೆಗೆ ನೀರನ್ನೂ ಹೊತ್ತೊಯ್ಯಬೇಕು. ಬಿಸಿಲು ಏರಿದರೆ ಕಾಗದ ಬೇಗನೆ ಒಣಗುತ್ತದೆ; ಗಾಳಿ ಬೀಸಿದರೆ ಹರಿಯುತ್ತದೆ.

1885ರಲ್ಲಿ ಮೈಸೂರು ಸರ್ಕಾರ ಪುರಾತತ್ವ ಸಂಶೋಧನೆಯ ಜವಾಬ್ದಾರಿಯನ್ನು ರೈಸ್ ಅವರಿಗೆ ಒಪ್ಪಿಸಿತು. ಇತರ ಕೆಲಸಗಳ ಜೊತೆಗೆ ಇದನ್ನೂ ನಿಭಾಯಿಸಿದ ಅವರು 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ ಎರಡನೆಯ ಸಂಪುಟ 1889ರಲ್ಲಿ ಪ್ರಕಟವಾದವು. ಈ ಎರಡನೆಯ ಸಂಪುಟವೇ ಅವರನ್ನು ದೊಡ್ಡ ವಿವಾದಕ್ಕೆ ಎಳೆಯಿತು.

ಚಿಕ್ಕಬೆಟ್ಟದ ಪ್ರಶ್ನೆ

ಶ್ರವಣಬೆಳಗೊಳದ ಚಿಕ್ಕಬೆಟ್ಟವಾದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಕಾಲದ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಬರಗಾಲ ಬರಲಿದೆಯೆಂದು ಭದ್ರಬಾಹುಸ್ವಾಮಿ ಮುನ್ನುಡಿದದ್ದನ್ನೂ, ಜೈನ ಸಂಘ ದಕ್ಷಿಣಕ್ಕೆ ಬಂದದ್ದನ್ನೂ, ಪ್ರಭಾಚಂದ್ರ ಎಂಬ ಮುನಿ ಈ ಬೆಟ್ಟದಲ್ಲಿ ದೇಹತ್ಯಾಗ ಮಾಡಿದ್ದನ್ನೂ ಅದು ತಿಳಿಸುತ್ತದೆ. ಆ ಪ್ರಭಾಚಂದ್ರ ಬೇರಾರೂ ಅಲ್ಲ, ಸಿಂಹಾಸನ ಬಿಟ್ಟು ಬಂದ ಮೌರ್ಯ ಚಂದ್ರಗುಪ್ತನೇ ಎಂಬುದು ರೈಸ್ ಅವರ ನಿಲುವು. ಜೈನ ಸಂಪ್ರದಾಯವೂ ಇದನ್ನೇ ಹೇಳುತ್ತಿತ್ತು.

ಮುಂಬಯಿ ಪ್ರಾಂತದ ಅಧಿಕಾರಿಯೂ ಕನ್ನಡ ನಾಡಿನ ರಾಜವಂಶಗಳ ಇತಿಹಾಸ ಬರೆದ ಪ್ರಕಾಂಡ ವಿದ್ವಾಂಸರೂ ಆದ ಜೆ.ಎಫ್. ಫ್ಲೀಟ್ ಅವರು ಇದನ್ನು ಒಪ್ಪಲಿಲ್ಲ. ಶಾಸನದ ಭದ್ರಬಾಹು ಬೇರೆ, ಪ್ರಭಾಚಂದ್ರ ಚಂದ್ರಗುಪ್ತನಲ್ಲ ಎಂದು ವಾದಿಸಿದರು. ಗಂಗರ ತಾಮ್ರಪಟಗಳ ವಿಷಯದಲ್ಲಿಯೂ ಇಬ್ಬರಿಗೂ ಬಹುಕಾಲದ ಭಿನ್ನಾಭಿಪ್ರಾಯವಿತ್ತು. ರೈಸ್ ಅವರು ಆಧಾರವೆಂದು ಹಿಡಿದ ಆ ಪಟಗಳು ನಂತರದವರು ಸೃಷ್ಟಿಸಿದ ಕೂಟ ದಾಖಲೆಗಳೆಂದು ಫ್ಲೀಟ್ ತಳ್ಳಿಹಾಕಿದ್ದರು. ಇದು ವೈಯಕ್ತಿಕ ಜಗಳವಾಗಿರಲಿಲ್ಲ. ಮೈಸೂರು ಸೀಮೆಯ ಪ್ರಾಚೀನತೆ ಎಷ್ಟು ಹಿಂದಕ್ಕೆ ಹೋಗುತ್ತದೆ, ಅದಕ್ಕೆ ನಂಬಬಹುದಾದ ಸಾಕ್ಷ್ಯ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ. ಮೌರ್ಯರ ಕಾಲಕ್ಕೆ ನೇರವಾಗಿ ಸೇರಿದ ಒಂದು ಕಲ್ಲು ಕೂಡ ಅಲ್ಲಿಯವರೆಗೆ ಮೈಸೂರಿನಲ್ಲಿ ಸಿಕ್ಕಿರಲಿಲ್ಲ.

ಮೊಳಕಾಲ್ಮೂರಿನ ಬಂಡೆಗಳು

ಕರ್ನಾಟಕದಲ್ಲಿ ಮರುಭೂಮಿ ಇಲ್ಲ. ಇದ್ದರೆ ಅದು ತಲಕಾಡಿನ ಮರಳಿನಷ್ಟೇ ಎನ್ನಬಹುದು. ಆದರೆ ಮಳೆಯ ಲೆಕ್ಕದಲ್ಲಿ ಮರುಭೂಮಿಯ ನೆನಪು ತರುವ ಸೀಮೆಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಮೂಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಅತಿ ಒಣ ಪ್ರದೇಶಗಳ ಸಾಲಿಗೆ ಸೇರುತ್ತವೆ. ಕಣ್ಣು ಹಾಯಿಸಿದಷ್ಟು ದೂರ ಕಲ್ಲುನೆಲ, ಕುರುಚಲು ಜಾಲಿ, ಅಲ್ಲಲ್ಲಿ ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ನಿಂತ ಗುಂಡುಕಲ್ಲುಗಳ ಬೆಟ್ಟ. ಕರಡಿ, ಚಿರತೆಗಳಿಗೆ ಆ ಬಂಡೆಗಳ ಸಂದುಗಳೇ ಮನೆ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ ದಾಟಿ ಅಲ್ಲಿಗೆ ತಲುಪಬೇಕು. ಇಂದು ಕಾರಿನಲ್ಲಿ ಅರ್ಧ ದಿನ ಸಾಕು. ರೈಸ್ ಅವರ ಕಾಲದಲ್ಲಿ ಚಿತ್ರದುರ್ಗಕ್ಕೇ ರೈಲು ಬಂದಿರಲಿಲ್ಲ.

ಈ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಶಾಸನಗಳನ್ನು ರೈಸ್ ಪತ್ತೆಹಚ್ಚಿದರು. ಸುದ್ದಿ ವಿದ್ವತ್ ಲೋಕಕ್ಕೆ ತಲುಪಿದ್ದು 1892ರಲ್ಲಿ. ಚಂದ್ರಗುಪ್ತನ ಕುರಿತ ಫ್ಲೀಟ್ ಅವರ ಆಕ್ಷೇಪ ಅಚ್ಚಾದದ್ದೂ ಅದೇ ವರ್ಷ.

ಊರವರಿಗೆ ಆ ಬಂಡೆಗಳು ಹೊಸವಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಅವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಓದಲು ಯಾರಿಗೂ ಬಾರದಿದ್ದರೂ ಅದರಲ್ಲಿ ಶಕ್ತಿಯಿದೆಯೆಂಬ ನಂಬಿಕೆಯಿತ್ತು. ಅಕ್ಷರಗಳ ಮೇಲೆ ಹರಿಸಿದ ನೀರು ಔಷಧವೆಂದು ಭಾವಿಸಲಾಗಿತ್ತು. ಸಿದ್ದಾಪುರದ ಬಂಡೆಗಳಿಗೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರು ಅಂಟಿಕೊಂಡಿತ್ತು. ಜಟಿಂಗ ರಾಮೇಶ್ವರದ ಕಥೆ ಇನ್ನೂ ವಿಶಿಷ್ಟ. ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದ ಆ ಬೆಟ್ಟದ ಮೇಲೆ ರಾಮೇಶ್ವರನ ಗುಡಿಯಿದೆ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವೆಂಬ ಐತಿಹ್ಯವಿದೆ. ಗುಡಿಯ ಬಳಿಯ ಹಾಸುಬಂಡೆಯ ಮೇಲೆ ಜಾತ್ರೆಯ ದಿನ ಬಳೆಗಾರರು ಅಂಗಡಿ ಹೂಡುತ್ತಿದ್ದರು. ಅದಕ್ಕೆ ಬಳೆಗಾರ ಗುಂಡು ಎಂದೇ ಹೆಸರು. ಮೌರ್ಯ ಸಾಮ್ರಾಟನ ಆಜ್ಞೆ ಕೊರೆದಿದ್ದದ್ದು ಅದೇ ಬಂಡೆಯ ಮೇಲೆ. ಜನರ ಓಡಾಟದಿಂದ ಅಕ್ಷರಗಳು ಬಹಳ ಸವೆದಿದ್ದವು.

ಮೂರು ಬಂಡೆಗಳ ಪೈಕಿ ಬ್ರಹ್ಮಗಿರಿಯದೇ ಚೆನ್ನಾಗಿ ಉಳಿದಿತ್ತು. ರೈಸ್ ಅವರ ಪಡಿಯಚ್ಚುಗಳ ಆಧಾರದಿಂದ ಜರ್ಮನ್ ಮೂಲದ ವಿದ್ವಾಂಸ ಗೇಯಾರ್ಗ್ ಬ್ಯೂಲರ್ ಶಾಸನದ ಪಾಠವನ್ನು ಪರಿಷ್ಕರಿಸಿ ಪ್ರಕಟಿಸಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಸಂದೇಶವದು. ದೇವಾನಾಂಪ್ರಿಯನು ಬೌದ್ಧ ಉಪಾಸಕನಾದ ಬಗ್ಗೆ ತಿಳಿಸಿ, ತಂದೆ ತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂದು ಅದು ವಿಧಿಸುತ್ತದೆ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಅಶೋಕನ ರಾಜ್ಯದ ವಾಯವ್ಯ ತುದಿಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಆತ ಒಂದು ಪದವನ್ನು ಕೊರೆದುಬಿಟ್ಟಿದ್ದಾನೆ. ಇಂದಿನ ಪೆಷಾವರದ ಕಡೆಯ ಬರವಣಿಗೆ ಬಲ್ಲ ಕೈಯೊಂದು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮೊಳಕಾಲ್ಮೂರಿನ ಬಂಡೆಯ ಮೇಲೆ ದುಡಿದಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಒಂದೇ ಏಟಿಗೆ ಮೈಸೂರಿನ ಲಿಖಿತ ಚರಿತ್ರೆ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹೋಯಿತು. ಮೌರ್ಯರ ಆಳ್ವಿಕೆ ಇಲ್ಲಿಯವರೆಗೂ ಹಬ್ಬಿತ್ತೆಂಬುದಕ್ಕೆ ಕಲ್ಲೇ ಸಾಕ್ಷಿಯಾಯಿತು. ಮುಂದೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇದ್ದ ಶಾಸನ ದೊರೆಯಿತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ತಪ್ಪಲಿನಲ್ಲಿ ಉತ್ಖನನ ನಡೆಸಿ ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಕ್ರಮವನ್ನು ಗುರುತಿಸಿದರು. ಈ ಎಲ್ಲದರ ದಾರಿ ತೆರೆದದ್ದು 1892ರ ಶೋಧ.

ಆದರೆ ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಅಶೋಕನ ಆಜ್ಞೆ ಇಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಚಂದ್ರಗುಪ್ತ ಶ್ರವಣಬೆಳಗೊಳದಲ್ಲಿ ದೇಹ ಬಿಟ್ಟನೆಂಬುದು ಸಿದ್ಧವಾಗುವುದಿಲ್ಲ. ಮೌರ್ಯರಿಗೆ ಈ ನೆಲ ಅಪರಿಚಿತವಲ್ಲ ಎಂಬುದಷ್ಟೇ ಸಿದ್ಧವಾಯಿತು. ಚಿಕ್ಕಬೆಟ್ಟದ ಪ್ರಶ್ನೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಮೂಡಲಿಲ್ಲ. ಗಂಗರ ತಾಮ್ರಪಟಗಳ ವಿಚಾರದಲ್ಲಿ ಇಬ್ಬರೂ ಭಾಗಶಃ ಸರಿ ಎನ್ನಬಹುದು. ಕೆಲವು ಪಟಗಳು ಕೂಟವೇ ಆಗಿದ್ದವು. ಆದರೆ ಪೆನುಕೊಂಡದಲ್ಲಿ ದೊರೆತ ಗಂಗ ಮಾಧವನ ಪಟವನ್ನು ಫ್ಲೀಟ್ ಅವರೂ ಅಸಲಿಯೆಂದು ಒಪ್ಪಿಕೊಂಡರು.

ಹನ್ನೆರಡು ಸಂಪುಟಗಳ ಶ್ರಮ

1892ರ ನಂತರ ರೈಸ್ ಅವರು ಜಿಲ್ಲೆಯಿಂದ ಜಿಲ್ಲೆಗೆ ಸಾಗಿದರು. 1894ರಲ್ಲಿ ಮೈಸೂರು ಜಿಲ್ಲೆಯ ಶಾಸನಗಳ ಸಂಪುಟ ಹೊರಬಂತು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಕದಂಬ ವಂಶದ ಉಗಮವನ್ನು ಹೇಳುವ ಕಂಬದ ಶಾಸನ ಬೆಳಕಿಗೆ ಬಂದದ್ದೂ ಅವರಿಂದಲೇ. ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು ಸಂಪುಟಗಳು ಒಂದರ ಹಿಂದೊಂದು ಬಂದು, 1905ರಲ್ಲಿ ಬೆಂಗಳೂರು ಮತ್ತು ಕೋಲಾರ ಸಂಪುಟಗಳೊಂದಿಗೆ ಮಹಾಕಾರ್ಯ ಪೂರ್ತಿಯಾಯಿತು. ಒಟ್ಟು ಶಾಸನಗಳ ಸಂಖ್ಯೆ ಒಂಬತ್ತು ಸಾವಿರದ ಸಮೀಪ. ಪ್ರತಿ ಶಾಸನಕ್ಕೂ ಮೂಲ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ.

ಇದೆಲ್ಲವನ್ನೂ ರೈಸ್ ಒಬ್ಬರೇ ಮಾಡಿದರೆಂದರೆ ತಪ್ಪಾಗುತ್ತದೆ. ಹಳಗನ್ನಡ, ಸಂಸ್ಕೃತ, ತಮಿಳು ಬಲ್ಲ ಪಂಡಿತರು ಅವರೊಂದಿಗಿದ್ದರು. ಹಳ್ಳಿಗಳಲ್ಲಿ ಕಲ್ಲಿರುವ ಜಾಗ ತೋರಿಸಿದವರು ಶಾನುಭೋಗರು, ಪಟೇಲರು, ದನಗಾಹಿಗಳು. 1899ರಲ್ಲಿ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು ಮುಂದೆ ಅವರ ಉತ್ತರಾಧಿಕಾರಿಯಾಗಿ ಕೆಲಸವನ್ನು ಇನ್ನೂ ಎತ್ತರಕ್ಕೆ ಒಯ್ದರು. ಅವಸರದಲ್ಲಿ ಬಿಟ್ಟುಹೋದದ್ದೂ ಕಡಿಮೆಯಲ್ಲ. ರೈಸ್ ಅವರ ಶ್ರವಣಬೆಳಗೊಳ ಸಂಪುಟದಲ್ಲಿದ್ದ ಶಾಸನಗಳು 144. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅವು 500ಕ್ಕೆ ಏರಿದವು. ಅನೇಕ ಪಾಠಗಳನ್ನೂ ಕಾಲನಿರ್ಣಯಗಳನ್ನೂ ನಂತರದವರು ತಿದ್ದಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿತು. ತಿದ್ದಲು ಬೇಕಾದ ಮೊದಲ ಪ್ರತಿಯನ್ನು ಸಿದ್ಧಪಡಿಸಿ ಕೊಟ್ಟವರು ರೈಸ್ ಎಂಬುದನ್ನು ಮರೆಯುವಂತಿಲ್ಲ.

ಕಲ್ಲಿನಷ್ಟೇ ಓಲೆಗರಿಯ ಮೇಲೂ ಅವರಿಗೆ ಆಸ್ಥೆಯಿತ್ತು. ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪ ರಾಮಾಯಣ, ಪಂಪ ಭಾರತ ಮುಂತಾದ ಪ್ರಾಚೀನ ಕೃತಿಗಳು ಅವರ ಸಂಪಾದನೆಯಲ್ಲಿ ಅಚ್ಚಿನ ಮುಖ ಕಂಡವು. ಕನ್ನಡದ ಆದಿಕವಿಯ ಕಾವ್ಯ ಇಪ್ಪತ್ತನೆಯ ಶತಮಾನದ ಓದುಗರಿಗೆ ಸುಲಭವಾಗಿ ದೊರೆಯುವಂತಾದದ್ದರಲ್ಲಿ ಅವರ ಪಾಲು ದೊಡ್ಡದು.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ತೆರಳಿ ಹ್ಯಾರೋದಲ್ಲಿ ನೆಲೆಸಿದರು. ಅಲ್ಲಿಯೂ ಲೇಖನಿ ಕೆಳಗಿಡಲಿಲ್ಲ. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ನಿರೂಪಿಸಿದ ಗ್ರಂಥ 1909ರಲ್ಲಿ ಬಂತು. 1927ರ ಜುಲೈ 10ರಂದು, 90ನೆಯ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ, ಅವರು ನಿಧನರಾದರು. ಹುಟ್ಟಿದ ಊರಿನ ಮಣ್ಣು ಅವರಿಗೆ ಕೊನೆಯಲ್ಲಿ ದೊರೆಯಲಿಲ್ಲ.

ಪೂರ್ವ ಬೆಂಗಳೂರಿನ ಕಲ್ಲುಗಳು

ಮತ್ತೆ ಬೆಂಗಳೂರಿಗೆ ಬರೋಣ. ಬೆಟ್ಟದ ಮೇಲಿನ ಕಲ್ಲಿಗೆ ಬಿಸಿಲು, ಮಳೆ, ಜಾತ್ರೆಯ ಕಾಲ್ತುಳಿತವಷ್ಟೇ ಶತ್ರು. ನಗರದ ಕಲ್ಲಿಗೆ ಶತ್ರುಗಳು ಹಲವು. ಬಡಾವಣೆಯ ಅಡಿಪಾಯ, ರಸ್ತೆ ಅಗಲೀಕರಣ, ಗುಡಿಯ ಜೀರ್ಣೋದ್ಧಾರದ ಬಣ್ಣ ಮತ್ತು ಸಿಮೆಂಟು, ನಿಧಿಯ ಆಸೆಗೆ ಅಗೆಯುವವರ ಹಾರೆ.

ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯಲ್ಲಿ 1043ರ ಕಾಲದ, ಚೋಳ ರಾಜೇಂದ್ರನ ಆಳ್ವಿಕೆಗೆ ಸೇರಿದ ಶಾಸನವಿದೆ. ಪಟ್ಟಂದೂರಿನ ಕೆರೆ ಕಟ್ಟಿಸಿ ದೇವರುಗಳನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ. ಆ ಪಟ್ಟಂದೂರು ಇಂದು ಐಟಿಪಿಎಲ್‌ನ ಗಾಜಿನ ಕಟ್ಟಡಗಳ ನೆರಳಿನಲ್ಲಿದೆ. ಕೃಷ್ಣರಾಜಪುರದ ಮೂಲಕ ನಿತ್ಯ ಆ ಕಟ್ಟಡಗಳಿಗೆ ಹೋಗುವ ಸಾವಿರಾರು ಉದ್ಯೋಗಿಗಳಿಗೆ ತಾವು ದಾಟುವ ನೆಲದ ಕೆರೆಗೆ ಸಾವಿರ ವರ್ಷದ ಲಿಖಿತ ದಾಖಲೆಯಿದೆ ಎಂಬುದು ತಿಳಿದಿರಲಿಕ್ಕಿಲ್ಲ. ದೊಮ್ಮಲೂರಿನ, ಕಾಡುಗೋಡಿಯ ಶಾಸನಗಳು ತಮಿಳಿನಲ್ಲಿವೆ. ಸುತ್ತಲಿನ ಊರುಗಳಲ್ಲಿ ಕನ್ನಡ ಶಾಸನಗಳಿವೆ. ದಂಡು ಬರುವುದಕ್ಕೂ ಎಷ್ಟೋ ಶತಮಾನ ಮೊದಲೇ ಬೆಂಗಳೂರಿನ ಪೂರ್ವ ಭಾಗ ಹಲವು ಭಾಷೆಗಳ ನೆಲವಾಗಿತ್ತೆಂದು ಈ ಕಲ್ಲುಗಳು ಸಾರುತ್ತವೆ. ರೈಸ್ ಅವರು ಭಾಷೆ ನೋಡಿ ಆಯ್ಕೆ ಮಾಡಲಿಲ್ಲ. ಕಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆಯೇ ದಾಖಲಿಸಿದರು.

ಕೆಲವು ಕಲ್ಲುಗಳು ಸುರಕ್ಷಿತ ತಾಣ ಸೇರಿವೆ. 1865ರಲ್ಲಿ ಸ್ಥಾಪನೆಯಾಗಿ, ಈಗ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಬೇಗೂರಿನ ವೀರಗಲ್ಲು ಹಾಗೂ ಆತಕೂರಿನ ಶಾಸನ ಇವೆ. ಹತ್ತನೆಯ ಶತಮಾನದ ಆತಕೂರು ಕಲ್ಲು ತಕ್ಕೋಲದ ಯುದ್ಧದ ಜೊತೆಗೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಸ್ಮರಿಸುತ್ತದೆ. ರಾಜರ ಗೆಲುವಿನ ಪಕ್ಕದಲ್ಲಿಯೇ ನಾಯಿಯ ಶೌರ್ಯಕ್ಕೂ ಜಾಗ ಕೊಟ್ಟ ಕಲ್ಲದು.

ಉಳಿದವುಗಳ ಸ್ಥಿತಿ ಅಷ್ಟು ಭದ್ರವಲ್ಲ. ರೈಸ್ ಅವರ ಬೆಂಗಳೂರು ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರು ಸುತ್ತಿದವರಿಗೆ ಪುಸ್ತಕದಲ್ಲಿರುವ ಎಷ್ಟೋ ಶಾಸನಗಳು ಸ್ಥಳದಲ್ಲಿ ಸಿಕ್ಕಿಲ್ಲ. ಕಲ್ಲು ಹೋದರೂ ಪಾಠ ಉಳಿದಿದೆ. ಅದು ಉಳಿದದ್ದು ಒಬ್ಬ ಅಧಿಕಾರಿ ಮತ್ತು ಆತನ ಪಂಡಿತರು ಶತಮಾನಕ್ಕೂ ಹಿಂದೆ ಅಲ್ಲಿಗೆ ಹೋಗಿ ಬರೆದುಕೊಂಡದ್ದರಿಂದ. ಸಂಪುಟಕ್ಕೆ ಸೇರದೆ ಮಾಯವಾದ ಕಲ್ಲುಗಳ ಮಟ್ಟಿಗೆ ಮಾತ್ರ ಏನೂ ಉಳಿದಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಕಿಟ್ಟಯ್ಯನೆಂಬ ವೀರನನ್ನು ಸ್ಮರಿಸುವ ಎಂಟನೆಯ ಶತಮಾನದ ಕಲ್ಲು ಬೆಳಕಿಗೆ ಬಂದಾಗ, ರೈಸ್ ಅವರ ಕಣ್ಣಿಗೂ ಬೀಳದ ಸಾಕ್ಷ್ಯಗಳು ನಗರದ ಮಣ್ಣಿನಡಿ ಇನ್ನೂ ಇವೆಯೆಂಬುದು ಖಚಿತವಾಯಿತು. ನಾಗರಿಕರ ಆಸಕ್ತಿಯೂ ಹೆಚ್ಚಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ತ್ರಿಆಯಾಮ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. ರೈಸ್ ಅವರ ಒದ್ದೆ ಕಾಗದ ಮತ್ತು ಮಸಿಯ ಜಾಗಕ್ಕೆ ಬೆಳಕಿನ ಕಿರಣ ಬಂದಿದೆ. ಆದರೆ ಕೆಲಸದ ಮೊದಲ ಹೆಜ್ಜೆ ಬದಲಾಗಿಲ್ಲ: ಯಾರಾದರೂ ಕಲ್ಲಿರುವ ಜಾಗದವರೆಗೆ ಹೋಗಲೇಬೇಕು.

ಬ್ರಹ್ಮಗಿರಿಯ ಅಕ್ಷರಗುಂಡು ಇಂದು ಸಂರಕ್ಷಿತ ಸ್ಮಾರಕ. ಅದರ ಮೇಲೆ ನೀರು ಹರಿಸಿ ಔಷಧವೆಂದು ಒಯ್ದ ಹಳ್ಳಿಗರು ಅದನ್ನು ಓದಲಾರದೆ ಹೋದರೂ ಒಡೆಯದೆ ಉಳಿಸಿಕೊಂಡಿದ್ದರು. ಓದು ಬಲ್ಲ ನಗರ ತನ್ನ ಕಲ್ಲುಗಳನ್ನು ಅಷ್ಟು ಮಾತ್ರವಾದರೂ ಕಾಪಾಡಿಕೊಂಡರೆ, ಈ ಊರಿನಲ್ಲಿ ಹುಟ್ಟಿ ನಾಡಿನ ಬೆಟ್ಟಗಳನ್ನು ಹತ್ತಿಳಿದ ಆ ಹಿರಿಯರಿಗೆ ಸಲ್ಲಿಸುವ ಗೌರವ ಅದಕ್ಕಿಂತ ಬೇರೆ ಬೇಕಿಲ್ಲ. ಮನೆಯ ಪಾಯ ತೋಡುವಾಗ, ಕೆರೆಯ ಹೂಳೆತ್ತುವಾಗ, ಗುಡಿಗೆ ಸುಣ್ಣ ಬಳಿಯುವಾಗ ಅಕ್ಷರವಿರುವ ಕಲ್ಲು ಕಂಡರೆ ಕೆಲಸವನ್ನು ಅರ್ಧ ದಿನ ನಿಲ್ಲಿಸಿ ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸುವ ವ್ಯವಧಾನ ನಮಗೆ ಇರಬೇಕು.